ಹಿಂದಕ್ಕೆ ತಿರುಗದ ಜಹಾಜು

ಸೂಫಿಯಾ ಹುಟ್ಟಾ ಹೆದರುಪುಕ್ಕಲಿಯಲ್ಲ. ರಾಯಚೂರಿನ ತೀನ್ ಕಂದೀಲ್ ಹಿಂದಿನ ಓಣಿಯಲ್ಲಿ ಬೆಳೆದ ಹುಡುಗಿ. ಕೋಟೆಯ ಒಡೆದ ಗೋಡೆ ಹತ್ತಿ ತುದಿಯಿಂದ ತುದಿಗೆ ಓಡುತ್ತಿದ್ದಳು. ಕೆಳಗೆ ನಿಂತ ಗೆಳತಿಯರು ಕಣ್ಣು ಮುಚ್ಚಿಕೊಂಡರೆ ನಗುತ್ತಿದ್ದಳು. ತಾಯಿ ದಾವಲ್ ಬೀ, "ಇದು ಹುಡುಗಿ ಅಲ್ಲ, ಕೋಡಗ" ಎಂದು ಬೈಯುತ್ತಿದ್ದಳು. ಅಂಥವಳಿಗೆ ಭಯದ ರುಚಿ ಹತ್ತಿದ್ದು ಒಂದು ಆಟದಿಂದ.

ಅಣ್ಣ ಖಲೀಲ್ ಕುವೈತಿನಲ್ಲಿ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದ. ಎಂಬತ್ತೊಂಬತ್ತರಲ್ಲಿ ರಜೆಗೆ ಬಂದಾಗ ಒಂದು ಸಣ್ಣ ಕಲರ್ ಟಿ.ವಿ.ಯನ್ನೂ ತಾಟಿನಷ್ಟಗಲದ ಒಂದು ಕರಿಯ ಯಂತ್ರವನ್ನೂ ತಂದ. ಕುವೈತ್ ಬಿಟ್ಟು ತಮ್ಮ ದೇಶಕ್ಕೆ ಹೊರಟಿದ್ದ ಯಾರೋ ಅದನ್ನು ಅವನಿಗೆ ಕೊಟ್ಟು ಹೋಗಿದ್ದರು. ಯಂತ್ರದ ಮೇಲೆ ರಬ್ಬರಿನ ಗುಂಡಿಗಳಿದ್ದವು. ಒತ್ತಿದರೆ ಹಲ್ಲಿಲ್ಲದ ಬಾಯಿಯ ಹಾಗೆ ಮೆತ್ತಗೆ ಒಳಗೆ ಹೋಗುತ್ತಿದ್ದವು.

"ಇದು ಕಂಪ್ಯೂಟರ್" ಎಂದ ಖಲೀಲ್.

ತಂದೆ ಶಾಮೀದಸಾಬರು ಚಾದರ, ರಜಾಯಿ ಮಾರುವ ಅಂಗಡಿಯವರು. ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ್ ಮಾಡ್ತದ ಇದು?" ಎಂದು ಕೇಳಿದರು.

"ಲೆಕ್ಕ ಮಾಡ್ತದ ಅಬ್ಬಾ. ಆಟನೂ ಆಡಿಸ್ತದ."

ಲೆಕ್ಕ ಮಾಡಿದ್ದನ್ನು ಆ ಮನೆಯಲ್ಲಿ ಯಾರೂ ನೋಡಲಿಲ್ಲ. ಆಟವನ್ನು ಮಾತ್ರ ಓಣಿಗೆ ಓಣಿಯೇ ಬಂದು ನೋಡಿತು. ಆಟ ಇದ್ದದ್ದು ಹಾಡಿನ ಕ್ಯಾಸೆಟ್ಟಿನಂಥದೇ ಒಂದು ಕ್ಯಾಸೆಟ್ಟಿನಲ್ಲಿ. ಟೇಪ್ ರೆಕಾರ್ಡರಿಗೆ ಹಾಕಿ ವೈರು ಜೋಡಿಸಿದರೆ ಕೀಚು ಕೀಚು ಎಂದು ಕಿವಿ ಹರಿಯುವ ಸದ್ದು. ಟಿ.ವಿ.ಯ ಅಂಚಿನಲ್ಲಿ ಬಣ್ಣದ ಗೆರೆಗಳು ಹರಿದಾಡುತ್ತಿದ್ದವು. "ಯಾವ ಬೆಕ್ಕು ಈಯಾಕತ್ತದೋ" ಎಂದು ದಾವಲ್ ಬೀ ಸೆರಗು ಕಿವಿಗೆ ಒತ್ತಿಕೊಂಡು ಅಡುಗೆ ಮನೆಗೆ ಹೋಗುತ್ತಿದ್ದಳು. ಬಹಳ ಹೊತ್ತು ಕಾದ ಮೇಲೆ ಒಮ್ಮೊಮ್ಮೆ ಆಟ ಬರುತ್ತಿತ್ತು, ಒಮ್ಮೊಮ್ಮೆ ಕೊನೆಯಲ್ಲಿ ಕೈಕೊಟ್ಟು ಮತ್ತೆ ಮೊದಲಿನಿಂದ ಹಚ್ಚಬೇಕಾಗುತ್ತಿತ್ತು.

ಬಂದಾಗ ಕಪ್ಪು ಆಕಾಶ, ಚುಕ್ಕಿಗಳು, ಎಡಗಡೆ ಬೆರಳುಗುರಿನಷ್ಟು ಬಿಳಿಯ ಹಡಗು. ಕ್ಯಾಸೆಟ್ಟಿನ ಮೇಲಿದ್ದ ಇಂಗ್ಲಿಷ್ ಹೆಸರು ಅಳಿಸಿಹೋಗಿದ್ದರಿಂದ ಮನೆಯವರೆಲ್ಲ ಅದನ್ನು ಜಹಾಜಿನ ಆಟ ಎಂದೇ ಕರೆದರು. ಜಹಾಜು ಎಡದಿಂದ ಬಲಕ್ಕೆ ಹಾರುತ್ತಿತ್ತು. ಕೆಳಗೆ ಗುಡ್ಡಗಳು ಎದುರಿಂದ ಬರುತ್ತಿದ್ದವು, ಗುಡ್ಡದ ಸಂದಿಯಿಂದ ರಾಕೆಟ್‌ಗಳು ಸುಯ್ಯನೆ ಮೇಲೇಳುತ್ತಿದ್ದವು. ಜಹಾಜನ್ನು ಮೇಲೆ ಕೆಳಗೆ ಮಾಡುತ್ತ ಗುಂಡು ಹಾರಿಸಬೇಕು, ಬಾಂಬು ಹಾಕಬೇಕು. ನೆಲದ ಮೇಲಿನ ಎಣ್ಣೆ ಟ್ಯಾಂಕುಗಳನ್ನು ಹೊಡೆದರೆ ಜಹಾಜಿಗೆ ಎಣ್ಣೆ ಸಿಗುತ್ತದೆ. ಹೊಡೆಯದಿದ್ದರೆ ಎಣ್ಣೆ ಮುಗಿದು ಕೆಳಗೆ ಬೀಳುತ್ತದೆ. ಗುಡ್ಡ ಮುಗಿದ ಮೇಲೆ ಗವಿ. ಮೇಲೆ ಬಂಡೆ, ಕೆಳಗೆ ಬಂಡೆ, ನಡುವೆ ಇಕ್ಕಟ್ಟಿನ ದಾರಿ. ಆ ಗವಿಯನ್ನು ಓಣಿಯಲ್ಲಿ ಯಾರೂ ದಾಟಿರಲಿಲ್ಲ.

ಆ ರಜೆಗೆ ಖಲೀಲನ ಜೊತೆ ಯಂಕೋಬ ಕೂಡ ಬಂದಿದ್ದ. ದೇವದುರ್ಗದವನು, ಗೌಂಡಿ ಕೆಲಸದವನು. ಕುವೈತಿಗೆಂದು ಮೊದಲ ಸಲ ಮುಂಬಯಿ ರೈಲು ಹತ್ತಿದ ದಿನ ಇಬ್ಬರಿಗೂ ಪರಿಚಯವಾಗಿತ್ತು. ಅಲ್ಲಿ ಒಂದೇ ಕೋಣೆಯಲ್ಲಿದ್ದರು. ಇಬ್ಬರೂ ಟಿ.ವಿ. ಮುಂದೆ ಚಾಪೆ ಹಾಸಿಕೊಂಡು ಒಂದೇ ಯಂತ್ರವನ್ನು ಹಂಚಿಕೊಂಡು ಆಡುತ್ತಿದ್ದರು. ಜಹಾಜು ನಡೆಸುವವನು ಯಂಕೋಬ, ಗುಂಡು ಬಾಂಬು ಖಲೀಲನದು.

"ಹಾಕಲೇ ಬಾಂಬು! ನಿನ್ನ ಕೈಗೇನು ಲಕ್ವಾ ಹೊಡದದೇನು?"

"ನೀ ಮೊದಲ ಕೆಳಗ ಇಳಿ! ಗಗನದಾಗ ಕುಂತು ಹಾಕು ಅಂದ್ರ ಹೆಂಗ ಹಾಕ್ಲಿ?"

ಜಹಾಜು ಗುಡ್ಡಕ್ಕೆ ಬಡಿದು ಚೂರಾದರೆ ಯಂಕೋಬ ತೊಡೆ ತಟ್ಟಿ ಮನೆ ಹಾರಿಹೋಗುವಂತೆ ನಗುತ್ತಿದ್ದ. ಸೂಫಿಯಾ ಇಬ್ಬರ ನಡುವೆ ತಲೆ ತೂರಿಸಿ ನೋಡುತ್ತಿದ್ದಳು. ರಜೆ ಮುಗಿದು ಅವರು ಹೊರಟು ನಿಂತಾಗ ಯಂಕೋಬ ಅವಳ ತಲೆ ಸವರಿ ಹೇಳಿದ: "ತಂಗಿ, ನಾವು ಬರೋದ್ರಾಗ ಗವಿ ದಾಟಿರಬೇಕು ನೋಡು."

ಮರು ವರ್ಷ ಆಗಸ್ಟ್ ತಿಂಗಳ ಮೊದಲ ವಾರ ಶಾಮೀದಸಾಬರು ಅಂಗಡಿಯಿಂದ ನಡುಮಧ್ಯಾಹ್ನ ಮನೆಗೆ ಬಂದರು. ಹಾಗೆ ಬರುವವರಲ್ಲ. ರೇಡಿಯೋ ಹಚ್ಚಿ ಅದರ ಮುಂದೆ ಕೂತರು. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತ್ತು.

ಆಮೇಲಿನ ದಿನಗಳನ್ನು ಸೂಫಿಯಾ ಇಂದಿಗೂ ಕ್ರಮವಾಗಿ ಹೇಳಲಾರಳು. ಕಾಗದ ಬರುವುದು ನಿಂತಿತು. ಫೋನು ಹತ್ತುತ್ತಿರಲಿಲ್ಲ. ಅಬ್ಬಾ ದಿನಾ ಸ್ಟೇಷನ್ನಿಗೆ ಹೋಗಿ ಹೈದರಾಬಾದಿನ ಪೇಪರು ತರುತ್ತಿದ್ದರು. ಕುವೈತಿನಲ್ಲಿದ್ದ ನಮ್ಮವರೆಲ್ಲ ಬಾಗ್ದಾದಿನ ಮೇಲಿಂದ ಮರಳುಗಾಡು ದಾಟಿ ಜೋರ್ಡಾನಿಗೆ ಹೋಗುತ್ತಿದ್ದಾರೆ, ಅಲ್ಲಿಂದ ಸರಕಾರ ವಿಮಾನದಲ್ಲಿ ಮುಂಬಯಿಗೆ ತರುತ್ತಿದೆ ಎಂದು ಪೇಪರಿನಲ್ಲಿ ಬರುತ್ತಿತ್ತು. ದಾರಿಯಲ್ಲಿ ನೀರಿಲ್ಲದೆ ಬಿದ್ದವರ ಸುದ್ದಿಯೂ ಬರುತ್ತಿತ್ತು. ಅಂಥದನ್ನು ಅಬ್ಬಾ ಓದಿ ಹೇಳುತ್ತಿರಲಿಲ್ಲ, ಪೇಪರು ಮಡಚಿ ತೊಡೆ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಅಮ್ಮಿ ನಮಾಜಿನ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಒಲೆಯ ಮೇಲಿನ ಅನ್ನ ತಳ ಹಿಡಿಯುತ್ತಿತ್ತು.

ಒಂದು ದಿನ ಶಾಲೆಯಿಂದ ಬಂದ ಸೂಫಿಯಾ ಯಾಕೆಂದು ತನಗೇ ತಿಳಿಯದೆ ಜಹಾಜಿನ ಆಟ ಹಚ್ಚಿದಳು. ಗುಂಡಿಗಳ ಮೇಲೆ ಬೆರಳಿಟ್ಟಾಗ ಒಂದು ಮಾತು ತಲೆಯೊಳಗೆ ಹೊಕ್ಕಿತು: ಈ ಸಲ ಗವಿ ದಾಟಿದರೆ ಭಾಯಿ ಬದುಕಿದ್ದಾನೆ.

ಜಹಾಜು ಮೊದಲ ಗುಡ್ಡಕ್ಕೇ ಬಡಿಯಿತು.

ಇದು ಲೆಕ್ಕಕ್ಕಿಲ್ಲ, ಕೈ ಜಾರಿತು ಎಂದುಕೊಂಡು ಮತ್ತೆ ಆಡಿದಳು. ಮತ್ತೆ ಬಿತ್ತು. ಅಂದಿನಿಂದ ಅದೇ ಅವಳ ಕೆಲಸವಾಯಿತು. ಒಬ್ಬಳೇ ಎರಡೂ ಕೈಯಿಂದ ಜಹಾಜು ನಡೆಸುತ್ತ, ಬಾಂಬು ಹಾಕುತ್ತ ತುಟಿ ಕಚ್ಚಿಕೊಂಡು ಆಡುತ್ತಿದ್ದಳು. ಪ್ರತಿ ಸಲ ಜಹಾಜು ಚೂರಾದಾಗ ತಾನೇ ಅಣ್ಣನನ್ನು ಎಲ್ಲೋ ಕೆಡವಿದ ಹಾಗೆ ಅನ್ನಿಸುತ್ತಿತ್ತು. ನಿಲ್ಲಿಸೋಣವೆಂದರೆ ಅದಕ್ಕೂ ಹೆದರಿಕೆ. ಸೋತಾಗ ನಿಲ್ಲಿಸಿದರೆ ಸೋತದ್ದೇ ಉಳಿಯುತ್ತದಲ್ಲ! ಯಾರಿಗೂ ಹೇಳಲಿಲ್ಲ. ಅಮ್ಮಿ ಒಮ್ಮೆ ಬಾಗಿಲಲ್ಲಿ ನಿಂತು, "ಅಣ್ಣನ ಸುದ್ದಿ ಇಲ್ಲ, ಈಕಿಗೆ ಆಟ" ಎಂದು ಕಣ್ಣೊರೆಸಿಕೊಂಡು ಹೋದಳು. ಸೂಫಿಯಾ ಆ ಮಾತನ್ನೂ ನುಂಗಿಕೊಂಡಳು.

ಒಂದು ಮಧ್ಯಾಹ್ನ ಜಹಾಜು ಗವಿಯೊಳಗೆ ಹೊಕ್ಕಿತು. ಎಂದೂ ಕಾಣದಷ್ಟು ದೂರ ಹೋಯಿತು. ಬಂಡೆಗಳ ಬಣ್ಣ ಬದಲಾಯಿತು, ದಾರಿ ಅಗಲವಾದಂತೆ ಕಂಡಿತು. ಇನ್ನೇನು ಗವಿಯ ಬಾಯಿ ಎನ್ನುವಾಗ ಟಿ.ವಿ. ಟಪ್ಪೆಂದು ಆರಿಹೋಯಿತು. ಓಣಿಗೆ ಓಣಿಯೇ ಕರೆಂಟು ಹೋಗಿತ್ತು. ಸೂಫಿಯಾ ಹೊಸ್ತಿಲಿಗೆ ಓಡಿ ಬಂದು ಅಲ್ಲೇ ಕುಸಿದು ಅತ್ತಳು. ಪಕ್ಕದ ಮನೆಯ ಬಸವಂತಮ್ಮ ಹೊರಗೆ ಬಂದು, "ಯಾಕವ್ವಾ, ಏನ್ ಸುದ್ದಿ ಬಂತು?" ಎಂದು ಎದೆ ಹಿಡಿದುಕೊಂಡಳು. "ಕರೆಂಟ್ ಹೋತು" ಎಂದಳು ಸೂಫಿಯಾ. ಬಸವಂತಮ್ಮ ಬಾಯಿ ತೆರೆದು ಅವಳನ್ನೇ ನೋಡಿದಳು.

ಸೆಪ್ಟೆಂಬರಿನಲ್ಲಿ ತಂತಿ ಬಂತು. ಖಲೀಲ್ ಮುಂಬಯಿ ಮುಟ್ಟಿದ್ದ. ಮನೆಮಂದಿಯೆಲ್ಲ ಸ್ಟೇಷನ್ನಿಗೆ ಹೋದರು. ರೈಲಿನಿಂದ ಇಳಿದವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಬಿಟ್ಟರೆ ಏನೂ ಇರಲಿಲ್ಲ. ತುಟಿ ಒಡೆದಿತ್ತು, ಮೈ ಕರಕಲಾಗಿತ್ತು. ಅಮ್ಮಿ ಅವನನ್ನು ತಬ್ಬಿಕೊಂಡು ಅಳುವಾಗ ಅವನ ಕಣ್ಣು ಪ್ಲಾಟ್‌ಫಾರಮ್ಮಿನ ಮೇಲೆ ಯಾರನ್ನೋ ಹುಡುಕುತ್ತಿತ್ತು.

"ಯಂಕೋಬ ಎಲ್ಲಿ?" ಎಂದರು ಅಬ್ಬಾ.

"ಹಿಂದ ಬರಾಕತ್ಯಾನ" ಎಂದ ಖಲೀಲ್. ಅಷ್ಟೇ.

ಅಣ್ಣನಿಗೆ ಸಮಾಧಾನವಾಗಲೆಂದು ಮರುದಿನ ಸೂಫಿಯಾ ಆಟ ಹಚ್ಚಿದಳು. ಎಲ್ಲಿಯವರೆಗೆ ಹೋಗಿದ್ದೆನೆಂದು ತೋರಿಸುವ ಆಸೆಯೂ ಇತ್ತು. ಖಲೀಲ್ ಗೋಡೆಗೆ ಒರಗಿ ಸುಮ್ಮನೆ ನೋಡಿದ. ಗುಡ್ಡಗಳು ಬಂದವು, ಹೋದವು.

"ಇದನ್ನ ನಿಲ್ಸಾಕ ಬರಂಗಿಲ್ಲೇನು?" ಎಂದು ಕೇಳಿದ.

"ಇಲ್ಲ ಭಾಯಿ. ತಾನೇ ಮುಂದ ಹೋಗ್ತದ."

"ಹಿಂದಕ್ಕ?"

"ಹಿಂದಕ್ಕ ತಿರುಗೋದಿಲ್ಲ."

ಖಲೀಲ್ ಎದ್ದು ಬಂದು ವೈರು ಕಿತ್ತ. ಯಂತ್ರ, ಕ್ಯಾಸೆಟ್ಟು, ವೈರು ಎಲ್ಲವನ್ನೂ ಹಳೆಯ ಚಾದರದಲ್ಲಿ ಸುತ್ತಿ ಕಬ್ಬಿಣದ ಟ್ರಂಕಿಗೆ ಹಾಕಿ ಬೀಗ ಜಡಿದ. ಬೀಗದ ಕೈಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡ. ಅಣ್ಣ ಸಿಟ್ಟಾಗಿದ್ದರೆ ಸೂಫಿಯಾ ತಡೆದುಕೊಳ್ಳುತ್ತಿದ್ದಳು. ಆದರೆ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಹೊಂಚು ಹಾಕಿ ಕೂತ ಪ್ರಾಣಿಯ ಎದುರು ನಿಂತವನ ಹಾಗೆ ಇದ್ದ.

ಕೆಲವು ದಿನಕ್ಕೆ ದೇವದುರ್ಗದಿಂದ ಯಂಕೋಬನ ತಾಯಿ ಮೂಕಮ್ಮ ಬಂದಳು. ಕಂಕುಳಲ್ಲಿ ರೊಟ್ಟಿಯ ಗಂಟು. ಅವಳನ್ನು ಓಣಿಯ ತಿರುವಿನಲ್ಲಿ ಕಂಡದ್ದೇ ಖಲೀಲ್ ಒಳಕೋಣೆಗೆ ಸರಿದ. "ನಾ ಮನ್ಯಾಗ ಇಲ್ಲ ಅನ್ನು" ಎಂದ ತಂಗಿಗೆ.

ಸೂಫಿಯಾ ಬಾಗಿಲಲ್ಲಿ ನಿಂತಳು. "ಅಣ್ಣ ಊರಾಗಿಲ್ಲಮ್ಮಾ" ಎಂದಳು ಹೊಸ್ತಿಲು ನೋಡುತ್ತ.

ಮೂಕಮ್ಮ ಅವಳನ್ನು ನೋಡಿದಳು. ಮತ್ತೆ ಒಳಗಿನ ಕತ್ತಲನ್ನು ನೋಡಿದಳು. ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ ಕೂತು ಗಂಟು ತೊಡೆಯ ಮೇಲೆ ಇಟ್ಟುಕೊಂಡಳು. "ಇರಲಿ ಯವ್ವಾ. ಒಳಗ ಅದಾನ, ಹೆದರ್ಯಾನ. ಹೆದರಿಕಿ ಹೋಗೋತನಕ ಕುಂದರ್ತೀನಿ. ನಂಗೇನು ಬಸ್ಸಿನ ಅವಸರ ಇಲ್ಲ."

ಬಿಸಿಲು ಕಟ್ಟೆಯ ಮೇಲಿಂದ ಸರಿದು ಗೋಡೆಗೆ ಹೋಯಿತು. ಕೊನೆಗೆ ಖಲೀಲ್ ಹೊರಗೆ ಬಂದ. ಅವಳ ಮುಂದೆ ನೆಲದ ಮೇಲೆ ಕೂತ. ಕಣ್ಣೆತ್ತದೆ ಹೇಳಿದ. ಬಾಗ್ದಾದಿನಿಂದ ಬಸ್ಸುಗಳು ಸಾಲಾಗಿ ಹೊರಟಿದ್ದವು. ಮರಳುಗಾಡಿನಲ್ಲಿ ಒಂದು ಕಡೆ ನೀರಿನ ಟ್ಯಾಂಕರು ನಿಂತಿತ್ತು. ಯಂಕೋಬ ಇಬ್ಬರ ಡಬ್ಬಿಯನ್ನೂ ತೆಗೆದುಕೊಂಡು ಇಳಿದ. ಅಷ್ಟರಲ್ಲಿ ಯಾರೋ ಗುಂಡು ಹಾರಿತೆಂದು ಕೂಗಿದರು, ಬಸ್ಸುಗಳು ಒಂದರ ಹಿಂದೆ ಒಂದು ಹೊರಟವು.

"ನಿಲ್ಸು ನಿಲ್ಸು ಅಂತ ಒದರಿದೆ ಯವ್ವಾ. ಡ್ರೈವರ್ ನಿಲ್ಸಲಿಲ್ಲ. ಹಿಂದ ನೋಡಿದ್ರ ಯಂಕೋಬ ಓಡಿ ಬರಾಕತ್ತಿದ್ದ. ಆಮ್ಯಾಲ ಧೂಳಿನಾಗ ಕಾಣಲಿಲ್ಲ."

ಮೂಕಮ್ಮ ತೊಡೆಯ ಮೇಲಿನ ಗಂಟನ್ನು ಬಿಗಿಯಾಗಿ ಹಿಡಿದಳು. ಆಮೇಲೆ ಕೇಳಿದಳು: "ಅವನ ಕೈಯಾಗ ನೀರಿನ ಡಬ್ಬಿ ಇತ್ತೇನು?"

"ಇತ್ತು."

"ತುಂಬಿತ್ತೇನು?"

"ತುಂಬಿತ್ತು."

"ಹಂಗಾದ್ರ ಬದುಕ್ಯಾನ." ಗಂಟು ಬಿಚ್ಚಿ ರೊಟ್ಟಿ ತೆಗೆದಳು. ಒಂದನ್ನು ಮುರಿದು ಖಲೀಲನ ಕೈಗಿಟ್ಟಳು. "ತಿನ್ನು. ನಿನ್ನ ಮಾರಿ ನೋಡಿದ್ರ ಡಬ್ಬಿ ಇಲ್ಲದವ ನೀನೇ ಇದ್ದಂಗ ಕಾಣ್ತದ."

ಮೂಕಮ್ಮ ಹೋದ ಮೇಲೆ ಸೂಫಿಯಾಳಿಗೆ ಇನ್ನೊಂದು ಭಯ ಹತ್ತಿಕೊಂಡಿತು. ತಾನು ಆಟದ ಮುಂದೆ ಕೂತು ಬೇಡಿದ್ದೆಲ್ಲ ಅಣ್ಣನಿಗಾಗಿ. ಯಂಕೋಬಣ್ಣನ ಹೆಸರು ಒಂದು ಸಲವೂ ನೆನಪಾಗಲಿಲ್ಲವಲ್ಲ! ಈಗ ಅವನಿಗಾಗಿ ಆಡೋಣವೆಂದರೆ ಟ್ರಂಕಿಗೆ ಬೀಗ. ಆಗಿನಿಂದ ಅವಳು ಸಿಕ್ಕಸಿಕ್ಕಲ್ಲಿ ಶಕುನ ಹಿಡಿಯಲು ಕಲಿತಳು. ಮುಂದಿನ ಟಾಂಗಾಕ್ಕೆ ಬಿಳಿ ಕುದುರೆ ಇದ್ದರೆ ಬರುತ್ತಾನೆ. ಹಾಲು ಉಕ್ಕುವ ಮೊದಲು ಒಲೆ ಮುಟ್ಟಿದರೆ ಬರುತ್ತಾನೆ. ಉಕ್ಕಿದ ದಿನ ತಾಟನ್ನು ಹಾಗೇ ಸರಿಸಿ ಏಳುತ್ತಿದ್ದಳು.

ಯಂಕೋಬ ಬಂದ, ಕೊನೆಕೊನೆಯ ವಿಮಾನಗಳಲ್ಲಿ ಒಂದರಲ್ಲಿ. ಆದರೆ ರಾಯಚೂರಿನಲ್ಲಿ ಇಳಿದವನು ತೀನ್ ಕಂದೀಲ್ ಕಡೆ ಬರದೆ ಸೀದಾ ದೇವದುರ್ಗದ ಬಸ್ಸು ಹತ್ತಿದ್ದ. ಅಬ್ಬಾನ ಅಂಗಡಿಗೆ ಚಾದರ ಕೊಳ್ಳಲು ಬಂದ ದೇವದುರ್ಗದವರೊಬ್ಬರಿಂದ ಸುದ್ದಿ ತಿಳಿಯಿತು. ಖಲೀಲ್ ತಂಗಿಯನ್ನು ಕರೆದುಕೊಂಡು ಹೊರಟ. ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ ಎಂಬುದು ಅವಳಿಗೆ ಬಸ್ಸಿನಲ್ಲೇ ಗೊತ್ತಾಯಿತು. ದಾರಿಯುದ್ದಕ್ಕೂ ಅವನು ಅವಳ ಕೈ ಬಿಡಲಿಲ್ಲ.

ಯಂಕೋಬ ಅಂಗಳದಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ಒಣಗಿದ ಕಟ್ಟಿಗೆಯಂತಾಗಿದ್ದ.

"ಡ್ರೈವರ್ ನಿಲ್ಸಲಿಲ್ಲ ಯಂಕೋಬಾ" ಎಂದ ಖಲೀಲ್.

"ಬಸ್ಸಿನ ಬಾಗಿಲು ತೆರದಿತ್ತು."

"ಎಷ್ಟು ಒದರಿದೆ ಗೊತ್ತದೇನು? ಡ್ರೈವರ್—"

"ಬಾಗಿಲು ತೆರದಿತ್ತಲ್ಲೋ ಖಲೀಲಾ. ನಾ ನೋಡಿನಿ. ನೀ ಬಾಗಿಲದಾಗೇ ನಿಂತಿದ್ದಿ."

ಖಲೀಲ್ ಮತ್ತೆ ಡ್ರೈವರನ ಮಾತನ್ನೇ ಎತ್ತಿದ. ಯಂಕೋಬ ಎದ್ದು ಒಳಗೆ ಹೋದ. ಮೂಕಮ್ಮ ಮಜ್ಜಿಗೆಯ ಲೋಟ ಹಿಡಿದುಕೊಂಡು ಇಬ್ಬರ ನಡುವೆ ಸ್ವಲ್ಪ ಹೊತ್ತು ನಿಂತು, ಕೊನೆಗೆ ಅದನ್ನು ಸೂಫಿಯಾಳ ಕೈಗೆ ಕೊಟ್ಟಳು.

ಅಲ್ಲಿಗೆ ಅವರ ಗೆಳೆತನ ಮುಗಿಯಿತು. ಇಬ್ಬರೂ ಮತ್ತೆ ಗಲ್ಫಿಗೆ ಹೋಗಲಿಲ್ಲ. ಖಲೀಲ್ ಶಕ್ತಿನಗರದಲ್ಲಿ ಗುತ್ತಿಗೆದಾರರ ಕೈಕೆಳಗೆ ವೈರಿಂಗ್ ಮಾಡಿದ, ಗುಲ್ನಾಜಳನ್ನು ಮದುವೆಯಾದ. ಯಂಕೋಬ ದೇವದುರ್ಗದಲ್ಲಿ ಮನೆಗಳನ್ನು ಕಟ್ಟಿದ. ಅಮ್ಮಿ, ಅಬ್ಬಾ, ಮೂಕಮ್ಮ ಒಬ್ಬೊಬ್ಬರಾಗಿ ಹೋದರು. ಮೂಕಮ್ಮ ತೀರಿದ ಸುದ್ದಿ ಖಲೀಲನಿಗೆ ಮುಟ್ಟುವಾಗ ಮಣ್ಣೂ ಆಗಿಹೋಗಿತ್ತು. ಅಂದು ಅವನು ಉಣ್ಣಲಿಲ್ಲ, ಯಾಕೆಂದು ಹೇಳಲೂ ಇಲ್ಲ.

ಸೂಫಿಯಾ ಟಿ.ಸಿ.ಎಚ್. ಓದಿ ಉರ್ದು ಶಾಲೆಯ ಟೀಚರಾದಳು. ಮದುವೆಯಾಗಿ ಮಾನ್ವಿಗೆ ಬಂದಳು. ಕಲ್ಲೂರಿನ ಶಾಲೆಗೆ ಹೋಗಿಬರುತ್ತಾಳೆ. ಗಂಡ ಬಂದೇನವಾಜ್ ಟೈರ್ ಅಂಗಡಿಯವನು, ಹಾಸಿಗೆಗೆ ತಲೆ ಕೊಟ್ಟರೆ ಗೊರಕೆ ಹೊಡೆಯುವ ನಿಶ್ಚಿಂತ ಮನುಷ್ಯ. ಹೆಂಡತಿ ಮಾತ್ರ ಮಗಳು ಕಾಲೇಜಿನಿಂದ ಬರುವುದು ತುಸು ತಡವಾದರೆ ಬೀದಿಯ ವಾಹನ ಎಣಿಸುತ್ತ ನಿಲ್ಲುತ್ತಾಳೆ. ಮುಂದೆ ಬರುವುದು ಕೆಂಪು ಬಸ್ಸಾದರೆ ಸುಖ, ಲಾರಿಯಾದರೆ ಇಲ್ಲ. "ನಿನ್ನ ತಲ್ಯಾಗ ಯಾರ್ ಕುಂತಾರ?" ಎಂದು ಬಂದೇನವಾಜ್ ನಗುತ್ತಾನೆ. ಅವನಿಗೂ ಅವಳು ಜಹಾಜಿನ ವಿಷಯ ಹೇಳಿರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಖಲೀಲನಿಗೆ ಎದೆನೋವು ಬಂತು. ರಾಯಚೂರಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಎದೆ ತೆರೆದು ಆಪರೇಷನ್ ಮಾಡಬೇಕು, ಹೈದರಾಬಾದಿಗೆ ಕರೆದುಕೊಂಡು ಹೋಗಿ ಎಂದರು. ದಿನ ಗೊತ್ತಾಯಿತು. ಸೂಫಿಯಾ ರಜೆ ಹಾಕಿ ಓಡಿ ಬಂದಳು. ಖಲೀಲ್ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಅರವತ್ತು ದಾಟಿದ ಮುಖದಲ್ಲಿ ರಕ್ತವಿರಲಿಲ್ಲ.

"ಸೂಫಿ, ಒಂದ್ ಕೆಲಸ ಮಾಡು" ಎಂದ. "ಆ ಟ್ರಂಕಿನಾಗ ಕಂಪ್ಯೂಟರ್ ಅದ ನೋಡು. ಯಂಕೋಬಗ ಕೊಟ್ಟು ಬಾ."

"ಏನ್ ಹೇಳ್ಲಿ?"

"ಏನೂ ಹೇಳಬ್ಯಾಡ. ಕೊಟ್ಟು ಬಾ."

ಗುಲ್ನಾಜ್ ಅವಳನ್ನು ಅಡುಗೆ ಮನೆಗೆ ಕರೆದು ಪಿಸುಗುಟ್ಟಿದಳು: "ಹೋಗಿ ಬಾ ಆಪಾ. ನಿದ್ದ್ಯಾಗ 'ನಿಲ್ಸು, ನಿಲ್ಸು' ಅಂತಾರ. ಮದ್ವಿ ಆದಾಗಿಂದ ಕೇಳಾಕತ್ತೀನಿ. ಯಾರಿಗಂತ ಇವತ್ತಿಗೂ ಹೇಳಿಲ್ಲ."

ಯಂತ್ರ, ಕ್ಯಾಸೆಟ್ಟು ತುಂಬಿದ ಚೀಲ ತೊಡೆಯ ಮೇಲಿಟ್ಟುಕೊಂಡು ಸೂಫಿಯಾ ದೇವದುರ್ಗದ ಬಸ್ಸಿನಲ್ಲಿ ಕೂತಳು. ಬಾಗಿಲು ತೆರೆಯದಿದ್ದರೆ? ಸಾಯುವ ಕಾಲಕ್ಕೆ ನೆನಪಾಯಿತೇನು ಎಂದುಬಿಟ್ಟರೆ? ಅವನೇ ಇಲ್ಲದಿದ್ದರೆ? ಮುಂದಿನ ಸ್ಟಾಪಿನಲ್ಲಿ ಹೆಂಗಸು ಹತ್ತಿದರೆ ಒಳ್ಳೆಯದಾಗುತ್ತದೆ ಎಂದುಕೊಂಡಳು. ಒಂದು ಕುರಿಮರಿ ಹಿಡಿದುಕೊಂಡ ಮುದುಕ ಹತ್ತಿದ. ಅದನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕೋ ತಿಳಿಯಲಿಲ್ಲ.

ಯಂಕೋಬ ಇದ್ದ. ಮೊದಲಿನ ಮಣ್ಣಿನ ಮನೆಯ ಜಾಗದಲ್ಲಿ ಅವನೇ ಕಟ್ಟಿದ ಆರ್‌ಸಿಸಿ ಮನೆ. ಪಡಸಾಲೆಯಲ್ಲಿ ಬುದ್ಧನ ಪಟ. ಮಗಳು ವಿಶಾಖಾ ಸರಕಾರಿ ಆಸ್ಪತ್ರೆಯಲ್ಲಿ ನರ್ಸು. ಅಂದು ರಜೆಯಿದ್ದುದರಿಂದ ಮನೆಯಲ್ಲೇ ಇದ್ದಳು. ಯಂಕೋಬನ ಮೊಣಕಾಲು ಹೋಗಿತ್ತು. ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದವನು ಬುರ್ಖಾದ ಹೆಂಗಸನ್ನು ಕಣ್ಣು ಕಿರಿದು ಮಾಡಿ ನೋಡಿದ.

"ನಾ ಸೂಫಿಯಾ ಯಂಕೋಬಣ್ಣಾ. ಖಲೀಲನ ತಂಗಿ."

ವಿಶಾಖಾ ನೀರು ತಂದುಕೊಟ್ಟಳು. ಸೂಫಿಯಾ ಚೀಲ ಬಿಚ್ಚಿ ಯಂತ್ರವನ್ನು ಅವನ ಮುಂದೆ ಇಟ್ಟಳು. ಏನೂ ಹೇಳಬೇಡ ಎಂದಿದ್ದ ಅಣ್ಣ. ಆದರೆ ಮಾತು ತಾನಾಗಿ ಬಂತು. "ಭಾಯಿಗೆ ಹಾರ್ಟ್ ಆಪರೇಷನ್ ಅದ ಅಣ್ಣಾ. ಈ ವಾರದಾಗ. ಇದನ್ನ ನಿಮಗ ಕೊಡು ಅಂದ."

"ಇದನ್ನ ತಗೊಂಡು ನಾ ಏನ್ ಮಾಡ್ಲಿ?" ಎಂದ ಯಂಕೋಬ. ಆದರೆ ಕೈ ಆಗಲೇ ಗುಂಡಿಗಳ ಮೇಲೆ ಆಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, "ಹಚ್ಚು ನೋಡೋಣ" ಎಂದ.

ಹತ್ತಲಿಲ್ಲ. ಯಂತ್ರ ಸತ್ತಿತ್ತು. ಮುಟ್ಟಿದರೆ ರಬ್ಬರು ಉದುರುತ್ತಿತ್ತು. ಕ್ಯಾಸೆಟ್ಟಿನ ಟೇಪನ್ನು ಬೆರಳಿನಿಂದ ಸುತ್ತಲು ಹೋದಾಗ ಪಟ್ಟನೆ ಹರಿಯಿತು. ಸೂಫಿಯಾ ಹರಿದ ತುದಿಗಳನ್ನು ಹಿಡಿದುಕೊಂಡೇ ಕೂತಳು. ಆಪರೇಷನ್ ಎದುರಿಗಿಟ್ಟುಕೊಂಡು ಇದೆಂಥ ಶಕುನ? ಅವಳ ಮುಖ ನೋಡಿ ವಿಶಾಖಾ ಪಕ್ಕಕ್ಕೆ ಬಂದು ಕೂತಳು. "ಯಾವ ಆಟ ಆಂಟಿ? ಹೇಳ್ರಿ, ಹುಡುಕ್ತೀನಿ. ಹಳೇವು ಎಲ್ಲಾ ನೆಟ್‌ನಾಗ ಸಿಗ್ತಾವ."

ಸೂಫಿಯಾ ಹೇಳಿದಳು. ಗುಡ್ಡ, ರಾಕೆಟ್, ಎಣ್ಣೆ ಟ್ಯಾಂಕು, ಗವಿ. ವಿಶಾಖಾ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಚಿತ್ರ ತೋರಿಸುತ್ತ ಹೋದಳು. ಇದಲ್ಲ, ಇದಲ್ಲ. ಮತ್ತೊಂದು ತೆರೆದಾಗ ಕಪ್ಪು ಆಕಾಶದಲ್ಲಿ ಬೆರಳುಗುರಿನಷ್ಟು ಬಿಳಿಯ ಹಡಗು. ಸೂಫಿಯಾ ಬಾಯಿಗೆ ಕೈ ಒತ್ತಿಕೊಂಡಳು.

ಯಂಕೋಬ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡ. ಸಿಮೆಂಟು ತಿಂದ ಬೆರಳುಗಳು ತಡವರಿಸಿದವು. ಜಹಾಜು ಒಂದು ಗುಡ್ಡ ದಾಟಿತು, ಎರಡನೆಯದಕ್ಕೆ ಬಡಿಯಿತು. ಮತ್ತೆ ಆಡಿದ, ಮತ್ತೆ ಬಡಿಯಿತು.

"ಬಾಂಬು ಹಾಕೋ ಮಗ ಇಲ್ಲಲ್ಲ" ಎಂದು ಸಿಡುಕಿದ. ಹಾಗೇ ಸ್ವಲ್ಪ ಹೊತ್ತು ಪರದೆಯನ್ನು ನೋಡುತ್ತ ಕೂತು, "ವಿಶಾಖಾ, ನನ್ನ ಅಂಗಿ ಕೊಡವ್ವಾ. ರಾಯಚೂರಿಗೆ ಹೋಗೋಣ" ಎಂದ.

ಸಂಜೆಯ ಹೊತ್ತಿಗೆ ಮೂವರೂ ತೀನ್ ಕಂದೀಲಿನ ಓಣಿಯಲ್ಲಿದ್ದರು. ಬಾಗಿಲಲ್ಲಿ ಯಂಕೋಬನನ್ನು ಕಂಡ ಖಲೀಲ್ ಮಂಚದಿಂದ ಏಳಲು ಹೋದ. "ಏಳಬ್ಯಾಡ್ರಿ" ಎಂದು ವಿಶಾಖಾ ಅವನ ಭುಜ ಹಿಡಿದಳು. ಯಂಕೋಬ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸೂಫಿಯಾಳಿಗೆ ಅಣ್ಣನ ಎದೆಯ ಮೇಲೇ ಕಣ್ಣು. ಈ ಹೊತ್ತಿನಲ್ಲಿ ಏನಾದರೂ ಆದರೆ ಕರೆತಂದ ಪಾಪ ತನ್ನದೇ.

"ಬಾಗಿಲು ತೆರದಿತ್ತು" ಎಂದ ಯಂಕೋಬ.

ಗುಲ್ನಾಜ್ ಬೆಚ್ಚಿ ಗಂಡನನ್ನು ನೋಡಿದಳು. ಮತ್ತೆ ಡ್ರೈವರನ ಮಾತು ಬರುತ್ತದೆ ಎಂದು ಸೂಫಿಯಾ ಕಣ್ಣು ಮುಚ್ಚಿದಳು.

"ತೆರದಿತ್ತು" ಎಂದ ಖಲೀಲ್. "ಜಿಗೀಬಹುದಿತ್ತು. ಕಾಲು ಹೊರಗ ಇಟ್ಟಿದ್ದೆ ಯಂಕೋಬಾ. ಹೊರಗ ಇಟ್ಟು... ಒಳಗ ತಗೊಂಡೆ. ಹೆದರಿದೆ."

ಯಂಕೋಬ ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡ.

"ನೀ ಇಳಿದಿದ್ರ ಇಬ್ಬರೂ ಅಲ್ಲೇ ಬಿದ್ದಿರ್ತಿದ್ದೆವು. ಅದು ನಂಗೂ ಗೊತ್ತದ. ಅವತ್ತು ರಾತ್ರಿ ಇನ್ನೊಂದು ಗಾಡ್ಯಾಗ ಒಬ್ಬಂಗೇ ಜಾಗ ಇತ್ತು, ನಾ ಹತ್ತಿದೆ. ನನ್ನ ಹಿಂದ ಮಂದಿ ನಿಂತಿತ್ತು. ನಾನೇನು ಇಳದು ಜಾಗ ಕೊಟ್ಟೆನೇನು?" ಅವನ ದನಿ ಒಡೆಯಿತು. "ನಂಗ ಡ್ರೈವರ್ ಸುದ್ದಿ ಬ್ಯಾಡಾಗಿತ್ತಲೇ. ಹೆದರಿದೆ ಅಂತ ಒಂದ್ ಮಾತು ಅಂದಿದ್ರ ಅವತ್ತೇ ನಮ್ಮ ಮನ್ಯಾಗ ರೊಟ್ಟಿ ಉಂಡು ಹೋಗ್ತಿದ್ದಿ. ಇಷ್ಟು ಹೇಳಾಕ ಮುದುಕ ಆಗಬೇಕಾತೇನು?"

ಖಲೀಲ್ ಅಳುತ್ತಿದ್ದ. ವಿಶಾಖಾ ಅವನ ನಾಡಿ ಹಿಡಿದಿದ್ದವಳು ಸೂಫಿಯಾಳ ಕಡೆ ತಿರುಗಿ ಪರವಾಗಿಲ್ಲ ಎಂದು ತಲೆಯಾಡಿಸಿದಳು.

ಚಹಾ ಆದ ಮೇಲೆ ಯಂಕೋಬನೇ ಲ್ಯಾಪ್‌ಟಾಪ್ ತೆರೆಸಿದ. ಮಂಚದ ಮೇಲೆ ನಡುವೆ ಇಟ್ಟುಕೊಂಡು ಅವನು ಜಹಾಜು ಹಿಡಿದ, ಖಲೀಲ್ ಬಾಂಬಿಗೆ ಬೆರಳಿಟ್ಟ. ಸೂಫಿಯಾ ಅವರ ಹಿಂದೆ ನಿಂತಳು. ಬೇಡ ಬೇಡವೆಂದರೂ ಆ ಹಳೆಯ ಮಾತು ತಲೆಯೊಳಗೆ ಹೊಕ್ಕಿತು: ದಾಟಿದರೆ ಆಪರೇಷನ್ ಸುಸೂತ್ರ. ಗುಡ್ಡ ಮುಗಿಯಿತು. ಗವಿ ಬಂತು. ಜಹಾಜು ಒಳಗೆ ಹೊಕ್ಕಿತು, ಏರಿತು, ಇಳಿಯಿತು, ಮೇಲಿನ ಬಂಡೆಗೆ ಬಡಿದು ಚೂರಾಯಿತು.

"ಕುರುಡ ಇದ್ದೀ ಏನು? ಮ್ಯಾಲ ಯಾಕ ಒಯ್ದಿ?" ಎಂದ ಖಲೀಲ್.

"ನಿನ್ನ ಬಾಂಬು ಬಿದ್ದಿದ್ರ ನಾ ಯಾಕ ಮ್ಯಾಲ ಹೋಗ್ತಿದ್ದೆ?"

ಸೂಫಿಯಾ ಅಣ್ಣನನ್ನು ನೋಡಿದಳು. ಜಹಾಜು ಬಿದ್ದಿತ್ತು, ಅವನು ಅಲ್ಲೇ ಇದ್ದ, ಬೈಯುತ್ತಿದ್ದ. ಅವಳಿಗೆ ಮೊದಲು ನಗು ಬಂತು, ಆಮೇಲೆ ನಿಲ್ಲಿಸಲಾರದ ಅಳು. "ಯಾಕ ತಂಗಿ?" ಎಂದು ಯಂಕೋಬ ಕೇಳಿದಾಗ ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಹೇಳಿಬಿಟ್ಟಳು. ಶಾಲೆ ಬಿಟ್ಟು ಬಂದು ಆಡಿದ್ದು, ಸೋತಾಗೆಲ್ಲ ಅಣ್ಣ ಸತ್ತನೆಂದು ನಡುಗಿದ್ದು, ಯಂಕೋಬನನ್ನು ಮರೆತದ್ದು, ಶಕುನಗಳು. ಇಬ್ಬರು ಮುದುಕರೂ ಬೆಪ್ಪಾಗಿ ಕೇಳಿದರು.

"ಅಂದ್ರ ನನ್ನ ಎಷ್ಟ್ ಸಲ ಕೊಂದಿ?" ಎಂದ ಖಲೀಲ್.

"ಲೆಕ್ಕ ಇಲ್ಲ ಭಾಯಿ."

"ಅಷ್ಟು ಸಲ ಕೊಂದ್ರೂ ಬಂದೀನಲ್ಲ, ಮತ್ಯಾಕ ಹೆದರ್ತಿ?" ಎಂದು ಅವಳ ಕೈ ಹಿಡಿದುಕೊಂಡ. ಅವನ ಕೈಯೂ ತಣ್ಣಗಿತ್ತು.

ಹೈದರಾಬಾದಿಗೆ ಯಂಕೋಬನೂ ಬಂದ. ಆಪರೇಷನ್ ಹೇಳಿದ್ದಕ್ಕಿಂತ ಬಹಳ ಹೊತ್ತು ಹಿಡಿಯಿತು. ಸೂಫಿಯಾ ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ಲಿಫ್ಟಿನ ಬಾಗಿಲ ಕಡೆ ಹೋಗುತ್ತಿತ್ತು. ಮುಂದೆ ಬರುವವರು ಗಂಡಸೋ ಹೆಂಗಸೋ ಎಂದು ಮನಸ್ಸು ಆಗಲೇ ಶುರು ಹಚ್ಚಿತ್ತು. ಯಂಕೋಬ ಪಕ್ಕದ ಕುರ್ಚಿ ತಟ್ಟಿ, "ಇಲ್ಲಿ ಕುಂದ್ರು ತಂಗಿ. ಹೆದರಿಕಿ ಇದ್ರ ಹೆದರು. ಶಕುನ ಬ್ಯಾಡ" ಎಂದ. ಅವಳು ಕೂತಳು, ಬರೀ ಹೆದರಿದಳು. ಅದು ಸಣ್ಣ ಕೆಲಸವೇನೂ ಆಗಿರಲಿಲ್ಲ. ಡಾಕ್ಟರು ಹೊರಗೆ ಬಂದು ಎಲ್ಲ ಸರಿಯಾಗಿದೆ ಎಂದಾಗ ಅವಳ ಕಿವಿಗೆ ಆ ಮಾತು ಬಿದ್ದರೂ ಅರ್ಥವಾಗಲು ಹೊತ್ತು ಬೇಕಾಯಿತು. ಗುಲ್ನಾಜ್ ಅಪ್ಪಿಕೊಂಡ ಮೇಲೆ ಗೊತ್ತಾಯಿತು.

ಖಲೀಲ್ ಮನೆಗೆ ಬಂದು ಚೇತರಿಸಿಕೊಳ್ಳುವಾಗ ಯಂಕೋಬ ಒಂದಿಷ್ಟು ದಿನ ರಾಯಚೂರಿನಲ್ಲೇ ಉಳಿದ. ಸುಮ್ಮನೆ ಕೂರುವ ಜಾತಿಯಲ್ಲ. ಬಚ್ಚಲಿನ ಗೋಡೆಯಲ್ಲಿ ನೀರು ಜಿನುಗುವುದು ಅವನ ಕಣ್ಣಿಗೆ ಬಿತ್ತು. "ಯಾವ ಕತ್ತೆ ಮಾಡಿದ ಪ್ಲಾಸ್ಟರಿದು?" ಎಂದು ಬೈದು, ಒಂದು ಬುಟ್ಟಿ ಮರಳು, ಸಿಮೆಂಟು ತರಿಸಿ, ನೋಯುವ ಮೊಣಕಾಲಲ್ಲೇ ಸ್ಟೂಲು ಹತ್ತಿ ಕೆಲಸಕ್ಕೆ ನಿಂತ. ಖಲೀಲ್ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ ಎಂದು ಕಾಡುತ್ತಿದ್ದ. ಶನಿವಾರ ಶಾಲೆ ಮುಗಿಸಿ ಮಾನ್ವಿಯಿಂದ ಬಂದ ಸೂಫಿಯಾ, "ಅಣ್ಣಾ, ಸ್ಟೂಲು ಅಲುಗಾಡಾಕತ್ತದ, ಬೀಳ್ತೀರಿ, ಇಳೀರಿ" ಎಂದು ಓಡಿಹೋಗಿ ಅದರ ಕಾಲು ಹಿಡಿದುಕೊಂಡು ಕೂತಳು. ಗೋಡೆ ಪೂರ್ತಿ ಆಗುವ ತನಕ ಬಿಡಲಿಲ್ಲ.